ಹಿಂಡಿನಲ್ಲಿ ಬ್ರುಸೆಲ್ಲೋಸಿಸ್ ಎಷ್ಟಿದೆ? ಶೇಕಡಾ ಲೆಕ್ಕ ಓದುವುದು ಹೇಗೆ

ಏಳು ತಿಂಗಳ ಗಬ್ಬದ ಹಸು ಒಂದು ಬೆಳಿಗ್ಗೆ ಕಂದು ಹಾಕಿರುತ್ತದೆ, ಅಂದರೆ ದಿನ ತುಂಬುವ ಮೊದಲೇ ಗರ್ಭ ಬಿದ್ದಿರುತ್ತದೆ. ಹಿಂದಿನ ದಿನ ಚೆನ್ನಾಗಿ ಮೇವು ತಿಂದಿದೆ. ಜ್ವರ ಇಲ್ಲ, ಏಟು ಬಿದ್ದ ಗುರುತೂ ಇಲ್ಲ. ಮಾಸು ಪೂರ್ತಿ ಬಿದ್ದಿಲ್ಲ, ಅರ್ಧ ನೇತಾಡುತ್ತಿದೆ. ತಿಂಗಳು ಕಳೆಯುವಷ್ಟರಲ್ಲಿ ಪಕ್ಕದ ಹಸುವೂ ಹಾಗೇ ಕಂದು ಹಾಕಿದರೆ ಪಶುವೈದ್ಯರು ರಕ್ತ ತೆಗೆದುಕೊಂಡು ಹೋಗುತ್ತಾರೆ. ರಿಪೋರ್ಟ್‌ನಲ್ಲಿ ಬ್ರುಸೆಲ್ಲಾ ಪಾಸಿಟಿವ್ ಅಂತ ಬಂದ ದಿನ ದನ ಸಾಕುವವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: ಇದು ಎಲ್ಲ ಕಡೆ ಇರೋದಾ, ಅಥವಾ ನಮ್ಮ ಹಿಂಡಿಗೆ ಮಾತ್ರ ಬಂತಾ?

ಉತ್ತರ ಹುಡುಕಲು ಹೋದರೆ ತಲೆ ಕೆಡುತ್ತದೆ. ಒಂದು ಕಡೆ ಶೇ 2 ಅಂತ ಇರುತ್ತದೆ, ಇನ್ನೊಂದು ಕಡೆ ಶೇ 20. ಇಷ್ಟು ದೂರದ ಎರಡು ಸಂಖ್ಯೆಗಳಲ್ಲಿ ಒಂದು ಸುಳ್ಳಿರಬೇಕು ಅಂತ ಅನಿಸುವುದು ಸಹಜ. ಆದರೆ ಒಂದೇ ಪ್ರದೇಶದ ಬಗ್ಗೆ, ಒಂದೇ ವರ್ಷದಲ್ಲಿ, ಎರಡೂ ನಿಜ ಇರಬಹುದು. ಅದು ಹೇಗೆ ಅಂತ ಅರ್ಥವಾದರೆ ಈ ರೋಗದ ಅರ್ಧ ಕಥೆ ಅರ್ಥವಾದ ಹಾಗೆ. ಅದಕ್ಕೇ ಇದನ್ನು ಬುಡದಿಂದ ಬರೆಯುತ್ತಿದ್ದೇನೆ.

ಮೊದಲು, ಇದು ಎಂಥ ರೋಗ

ಬ್ರುಸೆಲ್ಲೋಸಿಸ್ ಅಂದರೆ ಕನ್ನಡದಲ್ಲಿ ಕಂದು ರೋಗ, ಕಂದು ಹಾಕುವ ರೋಗ ಅಂತ ಕರೆಯುವ ಕಾಯಿಲೆ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ದನಗಳಲ್ಲಿ ಮುಖ್ಯವಾಗಿ ಕಾಣುವ ಜಾತಿ ಬ್ರುಸೆಲ್ಲಾ ಅಬಾರ್ಟಸ್. ಕುರಿ ಮೇಕೆಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್, ಹಂದಿಗಳಲ್ಲಿ ಬ್ರುಸೆಲ್ಲಾ ಸೂಯಿಸ್. ಈ ಎರಡೂ ಆಗಾಗ ದನಗಳಿಗೂ ದಾಟುತ್ತವೆ. ಹಾಗಾಗಿ ಕುರಿ ಮೇಕೆ ಜೊತೆಯಲ್ಲೇ ದನ ಸಾಕುವವರು ಇದನ್ನು ನೆನಪಿಡಬೇಕು.

1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಇಂಥ ಬ್ಯಾಕ್ಟೀರಿಯಾ ಕಂಡರು. ಹೆಸರು ಬಂದದ್ದು ಅವರಿಂದಲೇ. ಹತ್ತು ವರ್ಷದ ನಂತರ, 1897ರಲ್ಲಿ, ಡೆನ್ಮಾರ್ಕ್‌ನ ಬರ್ನ್‌ಹಾರ್ಡ್ ಬ್ಯಾಂಗ್ ಕಂದು ಹಾಕುವ ಹಸುಗಳಲ್ಲಿ ಒಂದು ಬ್ಯಾಕ್ಟೀರಿಯಾ ಗುರುತಿಸಿದರು. ಇವೆರಡೂ ಒಂದೇ ಕುಟುಂಬದವು ಅಂತ ಯಾರಿಗೂ ಹೊಳೆದಿರಲಿಲ್ಲ. 1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಅದನ್ನು ತೋರಿಸಿಕೊಟ್ಟರು, ಹಸಿ ಹಾಲು ಅಪಾಯ ಅಂತ ಎಚ್ಚರಿಸಿದರು. ವರ್ಷಗಟ್ಟಲೆ ಅವರ ಮಾತನ್ನು ಯಾರೂ ಒಪ್ಪಲಿಲ್ಲ. ಆಮೇಲೆ ಅವರಿಗೇ ಈ ರೋಗ ತಗುಲಿತು.

ಈ ಬ್ಯಾಕ್ಟೀರಿಯಾಗೆ ಗಬ್ಬದ ಹಸುವಿನ ಗರ್ಭಕೋಶ ಅಂದರೆ ಫಲವತ್ತಾದ ಹೊಲ ಇದ್ದ ಹಾಗೆ. ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಇರುತ್ತದೆ, ಇದಕ್ಕೆ ಅದು ಹಬ್ಬದೂಟ. ಅಲ್ಲಿ ಲೆಕ್ಕವಿಲ್ಲದಷ್ಟು ಬೆಳೆದು, ತಾಯಿಯಿಂದ ಕರುವಿಗೆ ಹೋಗುವ ಪೋಷಣೆಯ ದಾರಿಯನ್ನೇ ಹಾಳು ಮಾಡುತ್ತದೆ. ಗಬ್ಬದ ಐದನೇ ತಿಂಗಳ ನಂತರ ಕಂದು ಬೀಳುವುದು ಇದಕ್ಕೇ.

ಇನ್ನು ಎಳೆ ಕರುಗಳಿಗೆ ಸೋಂಕು ತಗುಲಿದರೂ ಹೆಚ್ಚಿನವು ತಾವಾಗಿಯೇ ಅದರಿಂದ ಹೊರಬರುತ್ತವೆ. ಸೋಂಕು ಗಟ್ಟಿಯಾಗಿ ಕೂರುವುದು ಬೆದೆಗೆ ಬಂದ ಕಡಸುಗಳಲ್ಲಿ, ಗಬ್ಬದ ಹಸುಗಳಲ್ಲಿ. ಮುಂದೆ ಲೆಕ್ಕ ಹಾಕುವಾಗ ಈ ವಿಷಯ ಬೇಕಾಗುತ್ತದೆ.

ಎರಡು ಪ್ರಶ್ನೆ, ಎರಡು ಉತ್ತರ

ರೋಗ ಎಷ್ಟು ಹರಡಿದೆ ಅಂತ ಕೇಳಿದಾಗ ನಾವು ಗೊತ್ತಿಲ್ಲದೇ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಿರುತ್ತೇವೆ. ನೂರು ಹಸುಗಳಲ್ಲಿ ಎಷ್ಟಕ್ಕೆ ಸೋಂಕಿದೆ ಅನ್ನುವುದು ಒಂದು. ನೂರು ಹಿಂಡುಗಳಲ್ಲಿ ಎಷ್ಟು ಹಿಂಡಿನಲ್ಲಿ ಕನಿಷ್ಠ ಒಂದಾದರೂ ಸೋಂಕಿನ ಹಸು ಇದೆ ಅನ್ನುವುದು ಇನ್ನೊಂದು.

ಒಂದು ಲೆಕ್ಕ ಮಾಡೋಣ. ಇದು ಬರೀ ಉದಾಹರಣೆ. 100 ಹಿಂಡುಗಳಿವೆ, ಒಂದೊಂದರಲ್ಲಿ 10 ಹಸು. ಒಟ್ಟು 1,000 ಹಸು. ಇದರಲ್ಲಿ 20 ಹಿಂಡಿಗೆ ರೋಗ ಹೊಕ್ಕಿದೆ, ಹೊಕ್ಕ ಪ್ರತಿ ಹಿಂಡಿನಲ್ಲೂ 3 ಹಸುವಿಗೆ ಸೋಂಕಿದೆ. ಅಂದರೆ ಸೋಂಕಿನ ಹಸು ಒಟ್ಟು 60. ಹಸುಗಳ ಲೆಕ್ಕದಲ್ಲಿ ಶೇ 6, ಹಿಂಡುಗಳ ಲೆಕ್ಕದಲ್ಲಿ ಶೇ 20. ರೋಗ ಇರುವ ಹಿಂಡಿನ ಒಳಗೆ ನಿಂತು ನೋಡಿದರೆ ಶೇ 30! ಮೂರೂ ಸತ್ಯ. ಯಾರು ಯಾವುದನ್ನು ಬರೆದರೂ ಸುಳ್ಳು ಹೇಳಿದ ಹಾಗಲ್ಲ.

ಆದರೆ ಓದುವವರಿಗೆ ಬೇಕಾದದ್ದು ಯಾವುದು? ಹಸು ಕೊಳ್ಳಲು ಹೊರಟಿದ್ದರೆ ಮೊದಲು ಹಿಂಡಿನ ಲೆಕ್ಕ ಬೇಕು, ಯಾಕೆಂದರೆ ನೀವು ತರುವ ಹಸು ಒಂದು ಹಿಂಡಿನಿಂದ ಬರುತ್ತದೆ, ಆ ಹಿಂಡಿನಲ್ಲಿ ರೋಗ ಇದೆಯೋ ಇಲ್ಲವೋ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಹಲವು ಮನೆಗಳ ಹಾಲು ಒಂದೇ ಕ್ಯಾನಿಗೆ ಬೀಳುವ ಕಡೆಯೂ ಹಿಂಡಿನ ಲೆಕ್ಕವೇ ಮುಖ್ಯ. ಎಷ್ಟು ಕರು ಹೋದವು, ಎಷ್ಟು ಹಾಲು ಹೋಯಿತು ಅಂತ ನಷ್ಟ ಅಳೆಯಲು ಹಸುಗಳ ಲೆಕ್ಕ ಬೇಕು. ನನ್ನ ಮಟ್ಟಿಗೆ, ಬರೀ ಒಂದು ಶೇಕಡಾ ಕೊಟ್ಟು ಯಾವುದರ ಶೇಕಡಾ ಅಂತ ಹೇಳದ ಬರಹವನ್ನು ಅರ್ಧಕ್ಕೇ ಮುಚ್ಚಿಟ್ಟರೂ ನಷ್ಟವಿಲ್ಲ.

ಇದರಲ್ಲೇ ಇನ್ನೊಂದು ಗಂಟಿದೆ. ಆ ನೂರು ಹಸುಗಳಲ್ಲಿ ಕರುಗಳನ್ನೂ ಸೇರಿಸಿದ್ದಾರಾ? ಕರುಗಳಲ್ಲಿ ಸೋಂಕು ನಿಲ್ಲುವುದು ಕಮ್ಮಿ ಅಂತ ಆಗಲೇ ಹೇಳಿದೆ. ಅವನ್ನು ಸೇರಿಸಿದರೆ ಶೇಕಡಾ ತಾನಾಗೇ ಇಳಿಯುತ್ತದೆ. ಬೆಳೆದ ಹಸುಗಳನ್ನು ಮಾತ್ರ ನೋಡಿದರೆ ಏರುತ್ತದೆ.

ಮೊದಲ ವರ್ಷ ಗಲಾಟೆ, ಆಮೇಲೆ ಸದ್ದಿಲ್ಲ

ಒಂದು ಹಿಂಡಿನಲ್ಲಿ ಕಂದು ಹಾಕಿದ ಹಸುಗಳನ್ನು ಎಣಿಸಿದರೆ ರೋಗ ಎಷ್ಟಿದೆ ಅಂತ ಗೊತ್ತಾಗುವುದಿಲ್ಲವೇ? ಗೊತ್ತಾಗುವುದಿಲ್ಲ. ಯಾಕೆ ಅಂತ ನೋಡಬೇಕಾದರೆ ಅದು ಹಿಂಡಿನೊಳಗೆ ಹಬ್ಬುವ ರೀತಿ ನೋಡಬೇಕು.

ಸೋಂಕಿನ ಹಸು ಕಂದು ಹಾಕಿದಾಗ, ಅಥವಾ ತಿಂಗಳು ತುಂಬಿಯೇ ಕರು ಹಾಕಿದಾಗಲೂ, ಬಿದ್ದ ನೀರು, ಮಾಸು, ಕಂದು ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿರುತ್ತದೆ. ಒಂದು ಗ್ರಾಂ ಮಾಸಿನಲ್ಲೇ ಕೋಟಿಗಟ್ಟಲೆ. ಹಸುಗಳ ಸ್ವಭಾವ ಗೊತ್ತಲ್ವಾ? ಪಕ್ಕದ ಹಸು ಈದರೆ ಹತ್ತಿರ ಬಂದು ಮೂಸುತ್ತವೆ, ನೆಕ್ಕುತ್ತವೆ. ಅದೇ ನೆಲದ ಹುಲ್ಲು ತಿನ್ನುತ್ತವೆ. ರೋಗ ಹೆಚ್ಚಾಗಿ ಒಳಗೆ ಹೋಗುವುದು ಬಾಯಿಯ ಮೂಲಕವೇ. ಕಣ್ಣಿನ ಒಳಪದರ, ಗೀರು ಬಿದ್ದ ಚರ್ಮ, ಇವೂ ದಾರಿಗಳು. ನಾಯಿಗಳು ಕಂದನ್ನು ಎಳೆದುಕೊಂಡು ಹೋಗಿ ಇನ್ನೊಂದು ಕಡೆ ಬಿಡುವುದೂ ಉಂಟು.

ರೋಗ ಕಾಣದ ಹಿಂಡಿಗೆ ಇದು ಮೊದಲ ಸಲ ಹೊಕ್ಕಾಗ ಗಬ್ಬದ ಹಸುಗಳು ಸಾಲಾಗಿ ಕಂದು ಹಾಕುತ್ತವೆ. ಆ ವರ್ಷ ಯಾರಿಗೂ ಅನುಮಾನ ಇರುವುದಿಲ್ಲ. ಆದರೆ ಒಂದು ಸಲ ಕಂದು ಹಾಕಿದ ಹಸು ಮುಂದಿನ ಸಲ ಸಾಮಾನ್ಯವಾಗಿ ತಿಂಗಳು ತುಂಬಿಸಿಕೊಂಡೇ ಕರು ಹಾಕುತ್ತದೆ. ನೋಡಲು ಆರೋಗ್ಯವಾಗಿರುತ್ತದೆ, ಹಾಲೂ ಕೊಡುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ರೋಗ ಹೋಯಿತು ಅಂತ. ಹೋಗಿರುವುದಿಲ್ಲ. ಅದು ಕೆಚ್ಚಲಿನಲ್ಲಿ, ಅದರ ಹತ್ತಿರದ ದುಗ್ಧಗ್ರಂಥಿಗಳಲ್ಲಿ (ಲಿಂಫ್ ಗ್ರಂಥಿಗಳಲ್ಲಿ) ಕೂತಿರುತ್ತದೆ, ಹಾಲಿನಲ್ಲಿ ಬರುತ್ತಿರುತ್ತದೆ, ಪ್ರತಿ ಸಲ ಈಯುವಾಗಲೂ ಹೊರಗೆ ಬೀಳುತ್ತದೆ. ಆಮೇಲೆ ಕಂದು ಹಾಕುವುದು ಹೊಸದಾಗಿ ಗಬ್ಬವಾದ ಕಡಸುಗಳು, ಹೊರಗಿನಿಂದ ತಂದ ಹಸುಗಳು. ವರ್ಷಕ್ಕೆ ಒಂದೋ ಎರಡೋ. ಆಗ ಅದು ಕೆಟ್ಟ ಮೇವಿನ ತಪ್ಪು, ಇಲ್ಲ ಬಿಸಿಲಿನ ತಪ್ಪು ಅಂತ ಆಗಿಬಿಡುತ್ತದೆ.

ಅಂದರೆ ಕಂದು ಹಾಕುವುದು ಕಮ್ಮಿಯಾದ ಹಿಂಡಿನಲ್ಲೇ ಸೋಂಕಿನ ಹಸುಗಳು ಜಾಸ್ತಿ ಇರಬಹುದು. ಕಂದು ಹಾಕಿಸುವ ಬೇರೆ ರೋಗಗಳೂ ಬೇಕಾದಷ್ಟಿವೆ, ಲೆಪ್ಟೋಸ್ಪೈರೋಸಿಸ್, ನಿಯೋಸ್ಪೋರಾ, ಕೆಲವು ವೈರಸ್‌ಗಳು. ಹಾಗಾಗಿ ಕಣ್ಣಿಗೆ ಕಂಡದ್ದನ್ನು ಎಣಿಸಿದರೆ ಎರಡೂ ಕಡೆ ತಪ್ಪಾಗುತ್ತದೆ.

ಹೋರಿಗಳ ವಿಷಯ ಬೇರೆ. ಅವುಗಳಲ್ಲಿ ಬೀಜ ಊದಿಕೊಳ್ಳುವುದು, ಮಂಡಿ ಕೀಲು ಊದುವುದು ಕಾಣುತ್ತದೆ. ಸೋಂಕಿನ ಹೋರಿ ಹಾರಿದ್ದರಿಂದ ರೋಗ ಹರಡುವುದು ಅಷ್ಟು ಸಾಮಾನ್ಯ ಅಲ್ಲ. ಆದರೆ ಅಂಥ ಹೋರಿಯ ವೀರ್ಯವನ್ನು ಕೃತಕ ಗರ್ಭಧಾರಣೆಗೆ ಬಳಸಿದರೆ ಬ್ಯಾಕ್ಟೀರಿಯಾವನ್ನು ನೇರವಾಗಿ ಗರ್ಭಕೋಶಕ್ಕೇ ಬಿಟ್ಟ ಹಾಗೆ. ವೀರ್ಯ ಸಂಗ್ರಹಿಸುವ ಕೇಂದ್ರಗಳಲ್ಲಿ ಹೋರಿಗಳನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಗುಲಾಬಿ ಹನಿ, ನೀಲಿ ಉಂಗುರ

ಕಣ್ಣಿಗೆ ಕಾಣದ್ದನ್ನು ಎಣಿಸಲು ಪರೀಕ್ಷೆ ಬೇಕು. ಎಲ್ಲಕ್ಕಿಂತ ಖಚಿತ ಅಂದರೆ ಬ್ಯಾಕ್ಟೀರಿಯಾವನ್ನೇ ಲ್ಯಾಬ್‌ನಲ್ಲಿ ಬೆಳೆಸಿ ತೋರಿಸುವುದು. ಅದು ನಿಧಾನ, ಜೊತೆಗೆ ಲ್ಯಾಬ್‌ನವರಿಗೇ ಸೋಂಕು ತಗುಲುವ ಅಪಾಯ. ಸಾವಿರಾರು ಹಸುಗಳಿಗೆ ಅದು ಆಗದ ಮಾತು. ಹಾಗಾಗಿ ಹುಡುಕುವುದು ಪ್ರತಿಕಾಯಗಳನ್ನು. ಸೋಂಕು ತಗುಲಿದ ದೇಹ ಅದರ ವಿರುದ್ಧ ತಯಾರಿಸುವ ಪ್ರೋಟೀನ್‌ಗಳೇ ಪ್ರತಿಕಾಯಗಳು. ಕಳ್ಳ ಸಿಗದಿದ್ದರೂ ಹೆಜ್ಜೆ ಗುರುತು ಸಿಗುತ್ತದಲ್ಲ, ಹಾಗೆ.

ರೋಸ್ ಬೆಂಗಾಲ್ ಪರೀಕ್ಷೆ ನೋಡಲು ಬಹಳ ಸರಳ. ಕೊಂದ ಬ್ರುಸೆಲ್ಲಾ ಬ್ಯಾಕ್ಟೀರಿಯಾಗಳಿಗೆ ಗುಲಾಬಿ ಬಣ್ಣ ಹಾಕಿ ದ್ರವ ಮಾಡಿಟ್ಟಿರುತ್ತಾರೆ. ಬಿಳಿ ತಟ್ಟೆಯ ಮೇಲೆ ಹಸುವಿನ ಸೀರಂ ಒಂದು ಹನಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ. ಪಕ್ಕದಲ್ಲೇ ಗುಲಾಬಿ ದ್ರವ ಒಂದು ಹನಿ. ಕಡ್ಡಿಯಲ್ಲಿ ಕಲಸಿ ನಾಲ್ಕು ನಿಮಿಷ ತಟ್ಟೆಯನ್ನು ಮೆಲ್ಲಗೆ ಅತ್ತಿತ್ತ ತೂಗಬೇಕು. ಪ್ರತಿಕಾಯ ಇಲ್ಲದಿದ್ದರೆ ಹನಿ ನಯವಾಗಿ ಒಂದೇ ಗುಲಾಬಿಯಾಗಿ ಇರುತ್ತದೆ. ಇದ್ದರೆ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಗುಲಾಬಿ ಕಾಳು ಕಟ್ಟಿಕೊಳ್ಳುತ್ತದೆ.

ಇನ್ನೊಂದು ಹಾಲಿನ ಉಂಗುರ ಪರೀಕ್ಷೆ. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ, ಯಾಕೆಂದರೆ ಇದರಲ್ಲಿ ಕೆಲಸ ಮಾಡುವುದು ಹಾಲಿನ ಕೆನೆಯೇ. ಸಣ್ಣ ಗಾಜಿನ ನಳಿಕೆಯಲ್ಲಿ ಒಂದು ಮಿಲಿಲೀಟರ್ ಹಾಲು ಹಾಕಿ, ನೀಲಿ ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ದ್ರವ ಒಂದು ಹನಿ ಬಿಡುತ್ತಾರೆ. 37 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತಾರೆ. ಹಾಲಿನಲ್ಲಿ ಪ್ರತಿಕಾಯ ಇದ್ದರೆ ಅದು ನೀಲಿ ಬ್ಯಾಕ್ಟೀರಿಯಾಗಳನ್ನು ಹಿಡಿದುಕೊಂಡು ಕೊಬ್ಬಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಕೆನೆ ಮೇಲೇರುವಾಗ ಅವನ್ನೂ ಮೇಲಕ್ಕೆ ಹೊತ್ತೊಯ್ಯುತ್ತದೆ. ಒಂದು ಗಂಟೆಯ ನಂತರ ನೋಡಿದರೆ ಮೇಲೆ ನೀಲಿ ಉಂಗುರ, ಕೆಳಗೆ ಬಿಳಿ ಹಾಲು. ಪ್ರತಿಕಾಯ ಇಲ್ಲದಿದ್ದರೆ ಉಲ್ಟಾ: ಮೇಲೆ ಬಿಳಿ ಕೆನೆ, ಕೆಳಗೆ ತಿಳಿನೀಲಿ ಹಾಲು.

ಇದರ ದೊಡ್ಡ ಅನುಕೂಲ ಏನೆಂದರೆ ಇಡೀ ಹಿಂಡಿನ ಹಾಲು ಸೇರಿದ ಕ್ಯಾನಿನಿಂದ ಒಂದೇ ಸ್ಯಾಂಪಲ್ ಸಾಕು, ಆ ಹಿಂಡಿನಲ್ಲಿ ರೋಗ ಇರಬಹುದಾ ಅಂತ ಸುಳಿವು ಸಿಗುತ್ತದೆ. ಸೂಜಿ ಬೇಡ, ಹಸು ಕಟ್ಟುವುದು ಬೇಡ. ಹಿಂಡಿನ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಆದರೆ ಎಷ್ಟು ಹಸುವಿಗೆ ಸೋಂಕಿದೆ ಅಂತ ಇದು ಹೇಳುವುದಿಲ್ಲ. ಹಿಂಡು ದೊಡ್ಡದಾದಷ್ಟೂ ಸೋಂಕಿನ ಹಸುವಿನ ಹಾಲು ಬೇರೆ ಹಾಲಿನಲ್ಲಿ ಕರಗಿ ಹೋಗುತ್ತದೆ, ಅದಕ್ಕೆ ದೊಡ್ಡ ಹಿಂಡಿಗೆ ಹಾಲಿನ ಪ್ರಮಾಣ ಜಾಸ್ತಿ ತೆಗೆದುಕೊಳ್ಳುತ್ತಾರೆ. ಕೆಚ್ಚಲು ಬಾವು ಇದ್ದರೆ, ಗಿಣ್ಣು ಹಾಲು ಸೇರಿದ್ದರೆ ಸುಮ್ನೆ ಉಂಗುರ ಬರುವುದುಂಟು. ಹಾಲು ಬತ್ತಿರುವ ಹಸು ಕ್ಯಾನಿಗೆ ಬರುವುದೇ ಇಲ್ಲ. ಕಂದು ಹಾಕಿ ಹಾಲು ಬಿಡದೇ ನಿಂತ ಹಸು, ಅಂದರೆ ನಾವು ಹುಡುಕುತ್ತಿರುವ ಹಸುವೇ, ಲೆಕ್ಕದ ಹೊರಗೆ ಉಳಿಯಬಹುದು.

ಇವೆರಡೂ ಜರಡಿ ಇದ್ದ ಹಾಗೆ. ಜರಡಿಯಲ್ಲಿ ನಿಂತದ್ದನ್ನು ಎಲೈಸಾ, ಕಾಂಪ್ಲಿಮೆಂಟ್ ಫಿಕ್ಸೇಶನ್‌ನಂಥ ಬೇರೆ ಪರೀಕ್ಷೆಗಳಿಂದ ಇನ್ನೊಮ್ಮೆ ನೋಡುತ್ತಾರೆ.

ಪರೀಕ್ಷೆ ಚೂರು ತಪ್ಪಿದರೂ ಶೇಕಡಾ ಎಲ್ಲಿಗೆ ಹೋಗುತ್ತದೆ

ಯಾವ ಪರೀಕ್ಷೆಯೂ ನೂರಕ್ಕೆ ನೂರು ಸರಿ ಇರುವುದಿಲ್ಲ. ಕೆಲವು ಸೋಂಕಿನ ಹಸು ತಪ್ಪಿಸಿಕೊಳ್ಳುತ್ತವೆ, ಕೆಲವು ಸೋಂಕಿಲ್ಲದ ಹಸು ಸಿಕ್ಕಿಬೀಳುತ್ತವೆ. ಇಲ್ಲೂ ಒಂದು ಉದಾಹರಣೆ ಹಿಡಿಯೋಣ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಪರೀಕ್ಷೆ ಸೋಂಕಿನ 100 ಹಸುಗಳಲ್ಲಿ 95ನ್ನು ಹಿಡಿಯುತ್ತದೆ, ಸೋಂಕಿಲ್ಲದ 100ರಲ್ಲಿ 98ಕ್ಕೆ ಸರಿಯಾಗಿ ನೆಗೆಟಿವ್ ಅನ್ನುತ್ತದೆ ಅಂತಿಟ್ಟುಕೊಳ್ಳಿ. ಒಳ್ಳೆಯ ಪರೀಕ್ಷೆಯೇ. 10,000 ಹಸುಗಳ ಒಂದು ಪ್ರದೇಶದಲ್ಲಿ ನಿಜಕ್ಕೂ ಶೇ 1ರಷ್ಟು, ಅಂದರೆ 100 ಹಸುಗಳಿಗೆ ಸೋಂಕಿದೆ. ಅದರಲ್ಲಿ 95 ಸಿಗುತ್ತವೆ. ಉಳಿದ 9,900 ಆರೋಗ್ಯವಂತ ಹಸುಗಳಲ್ಲಿ ಶೇ 2, ಅಂದರೆ 198 ಹಸುಗಳೂ ಪಾಸಿಟಿವ್ ಅಂತ ಬರುತ್ತವೆ. ಒಟ್ಟು ಪಾಸಿಟಿವ್ 293. ಅದರಲ್ಲಿ ನಿಜವಾದದ್ದು ಮೂರರಲ್ಲಿ ಒಂದು ಮಾತ್ರ. ವರದಿಯಲ್ಲಿ ಸುಮಾರು ಶೇ 3 ಅಂತ ಬರೆದರೆ, ಇರುವುದು ಶೇ 1.

ಅದೇ ಪರೀಕ್ಷೆಯನ್ನು ಶೇ 10ರಷ್ಟು ಸೋಂಕಿರುವ ಕಡೆ ಮಾಡಿ. 1,000 ಸೋಂಕಿನ ಹಸುಗಳಲ್ಲಿ 950 ಸಿಗುತ್ತವೆ, ಉಳಿದ 9,000ದಲ್ಲಿ 180 ಸುಳ್ಳು ಪಾಸಿಟಿವ್. ಒಟ್ಟು 1,130ರಲ್ಲಿ 950 ನಿಜ. ಈಗ ಪಾಸಿಟಿವ್ ಅಂದರೆ ನಂಬಬಹುದು.

ಪರೀಕ್ಷೆ ಬದಲಾಗಲಿಲ್ಲ, ಸುತ್ತಲಿನ ಪರಿಸ್ಥಿತಿ ಬದಲಾಯಿತು ಅಷ್ಟೇ. ರೋಗ ಕಮ್ಮಿ ಇರುವ ಕಡೆ ಒಂದೇ ಪರೀಕ್ಷೆ ನಂಬಿ ಹಸುವನ್ನು ಹೊರಹಾಕಬಾರದು ಅಂತ ಪಶುವೈದ್ಯರು ಒತ್ತಿ ಹೇಳುವುದು ಇದಕ್ಕೇ. ಎಚ್ಚರದಿಂದ ಮಾಡಿದ ಅಧ್ಯಯನಗಳಲ್ಲಿ ಪರೀಕ್ಷೆಯ ತಪ್ಪನ್ನು ಕಳೆದು, ಪರೀಕ್ಷೆಯಲ್ಲಿ ಕಂಡ ಪ್ರಮಾಣ ಇಷ್ಟು, ನಿಜವಾದ ಪ್ರಮಾಣ ಇಷ್ಟಿರಬಹುದು ಅಂತ ಎರಡೂ ಕೊಟ್ಟಿರುತ್ತಾರೆ.

ಸುಳ್ಳು ಪಾಸಿಟಿವ್ ಬರುವುದಕ್ಕೆ ಎರಡು ದೊಡ್ಡ ಕಾರಣ. ಯೆರ್ಸಿನಿಯಾ ಎಂಬ ಬೇರೊಂದು ಬ್ಯಾಕ್ಟೀರಿಯಾದ ಒಂದು ತಳಿಯ ಹೊರಕವಚ ಬ್ರುಸೆಲ್ಲಾದ ಕವಚದಂತೆಯೇ ಇದೆ. ಅದು ತಗುಲಿದ ಹಸುವಿನ ಪ್ರತಿಕಾಯ ಇಲ್ಲೂ ಅಂಟಿಕೊಳ್ಳುತ್ತದೆ. ಎರಡನೆಯದು ಲಸಿಕೆ. ಎಸ್19 ಎಂಬ ಹಳೆಯ, ಪಳಗಿದ ಲಸಿಕೆಯಲ್ಲಿ ಬಲ ಕುಂದಿಸಿದ ಜೀವಂತ ಬ್ರುಸೆಲ್ಲಾನೇ ಇರುತ್ತದೆ. ಬೆಳೆದ ಹಸುವಿಗೆ ಕೊಟ್ಟರೆ ಪ್ರತಿಕಾಯ ಬಹಳ ಕಾಲ ಉಳಿದು, ಸೋಂಕೋ ಲಸಿಕೆಯೋ ಅಂತ ಗೊತ್ತಾಗದೇ ಹೋಗುತ್ತದೆ. ಅದಕ್ಕೆ ಎಳೆ ಹೆಣ್ಣು ಕರುಗಳಿಗೆ ಕೊಡುತ್ತಾರೆ, ದೊಡ್ಡದಾಗುವಷ್ಟರಲ್ಲಿ ಹೆಚ್ಚಿನವುಗಳಲ್ಲಿ ಪ್ರತಿಕಾಯ ಇಳಿದಿರುತ್ತದೆ. ಆರ್‌ಬಿ51 ಎಂಬ ಇನ್ನೊಂದು ಲಸಿಕೆಯಲ್ಲಿ ಆ ಕವಚದ ಭಾಗವೇ ಇಲ್ಲ, ಹಾಗಾಗಿ ಮಾಮೂಲಿ ಪರೀಕ್ಷೆಯಲ್ಲಿ ಗೊಂದಲ ಆಗುವುದಿಲ್ಲ. ಹಿಂಡಿನಲ್ಲಿ ಯಾವ ಕರುವಿಗೆ ಯಾವ ಲಸಿಕೆ ಯಾವಾಗ ಹಾಕಿಸಿದಿರಿ ಅಂತ ಬರೆದಿಡದಿದ್ದರೆ ಮುಂದೆ ಬರುವ ರಿಪೋರ್ಟ್ ಓದುವುದೇ ಕಷ್ಟ.

ಹತ್ತು ಹಸು ನೋಡಿದರೆ ಸಾಕಾ?

100 ಹಸುಗಳ ಹಿಂಡು. 5ಕ್ಕೆ ಸೋಂಕಿದೆ. ನೀವು ಯಾವುದೋ 10 ಹಸುಗಳ ರಕ್ತ ತೆಗೆದು ನೋಡಿದಿರಿ. ಪರೀಕ್ಷೆ ಒಂದಿಷ್ಟೂ ತಪ್ಪುವುದಿಲ್ಲ ಅಂತಲೇ ಇಟ್ಟುಕೊಂಡರೂ, ಆ ಐದರಲ್ಲಿ ಒಂದೂ ನಿಮ್ಮ ಕೈಗೆ ಸಿಗದಿರುವ ಸಾಧ್ಯತೆ ಸುಮಾರು ಶೇ 58. ಅರ್ಧಕ್ಕಿಂತ ಜಾಸ್ತಿ! ಒಂದಾದರೂ ಸಿಕ್ಕೇ ಸಿಗುತ್ತದೆ ಅಂತ ಶೇ 95ರಷ್ಟು ಧೈರ್ಯ ಬೇಕಾದರೆ 45 ಹಸು ನೋಡಬೇಕು.

ಒಂದು ಹಿಂಡಿನಿಂದ ಬರೀ ಕೆಲವು ಸ್ಯಾಂಪಲ್ ತೆಗೆದ ಸಮೀಕ್ಷೆಗಳಲ್ಲಿ ಹಿಂಡುಗಳ ಶೇಕಡಾ ಇರುವುದಕ್ಕಿಂತ ಕಮ್ಮಿ ಕಾಣುವುದು ಇದರಿಂದ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಕಂದು ಹಾಕಿದ ಹಸುಗಳ ರಕ್ತ ಮಾತ್ರ ಲ್ಯಾಬ್‌ಗೆ ಬರುತ್ತದೆ, ಅದರಲ್ಲಿ ಎಷ್ಟು ಪಾಸಿಟಿವ್ ಅಂತ ಲೆಕ್ಕ ಹಾಕಿ ಇಡೀ ಪ್ರದೇಶಕ್ಕೆ ಅದನ್ನೇ ಹೇಳಿಬಿಟ್ಟರೆ ಸಂಖ್ಯೆ ಎಲ್ಲೋ ಮೇಲೆ ಹೋಗುತ್ತದೆ. ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡಿ ಊರಿಗೆಲ್ಲ ಜ್ವರ ಅಂದ ಹಾಗೆ.

ಯಾವ ಹಿಂಡುಗಳಲ್ಲಿ ಜಾಸ್ತಿ

ಹಿಂಡು ದೊಡ್ಡದಾದಷ್ಟೂ ರೋಗ ಒಳಗಿರುವ ಸಾಧ್ಯತೆ ಹೆಚ್ಚು. ದೊಡ್ಡ ಹಿಂಡಿಗೆ ಹೊಸ ಹಸುಗಳು ಬರುವುದು ಜಾಸ್ತಿ, ಒಂದೇ ಜಾಗದಲ್ಲಿ ಈಯುವುದು ಜಾಸ್ತಿ, ಒಂದು ಹಸುವಿನ ಮಾಸು ತಲುಪುವ ಬಾಯಿಗಳು ಜಾಸ್ತಿ. ಸಣ್ಣ ಹಿಂಡಿಗೆ ರೋಗ ಹೊಕ್ಕರೆ ಕೆಲವೊಮ್ಮೆ ಅದು ತಾನಾಗೇ ಆರಿಹೋಗುತ್ತದೆ, ಹಬ್ಬಲು ಹಸುಗಳೇ ಇರುವುದಿಲ್ಲ. ಆದರೆ ಹೊಕ್ಕಾಗ ಬೀಳುವ ಪೆಟ್ಟು ಮಾತ್ರ ಸಣ್ಣದಲ್ಲ: ನಾಲ್ಕು ಹಸು ಇರುವವರಿಗೆ ಎರಡು ಕಂದು ಹಾಕಿದರೆ ಆ ವರ್ಷದ ಅರ್ಧ ಹೋಯಿತು.

ಹಲವು ಹಿಂಡುಗಳು ಒಂದೇ ಗೋಮಾಳ, ಒಂದೇ ನೀರಿನ ಜಾಗ ಹಂಚಿಕೊಳ್ಳುವ ಕಡೆ ಹಿಂಡುಗಳ ನಡುವೆ ಗೋಡೆಯೇ ಇರುವುದಿಲ್ಲ. ಆಫ್ರಿಕಾದ ಅಲೆಮಾರಿ ಪಶುಪಾಲಕರ ಹಿಂಡುಗಳಲ್ಲಿ ರೋಗದ ಪ್ರಮಾಣ ಹೆಚ್ಚು ಕಾಣುವುದಕ್ಕೆ ಇದು ಒಂದು ಕಾರಣ. ನೆರಳು, ತೇವ, ಚಳಿ ಇದ್ದರೆ ಬ್ಯಾಕ್ಟೀರಿಯಾ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಚುರುಕು ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ.

ಆದರೂ ಎಲ್ಲಕ್ಕಿಂತ ದೊಡ್ಡ ದಾರಿ ಪರೀಕ್ಷೆ ಮಾಡಿಸದೇ ಕೊಂಡ ಹಸು. ಪದೇ ಪದೇ ಕೈ ಬದಲಾಗುವ ಹಸುವಿನ ಬಗ್ಗೆ ಅನುಮಾನ ಇರಲೇಬೇಕು, ಕಂದು ಹಾಕಿದ ಹಸುವನ್ನೇ ಮೊದಲು ಮಾರುವುದು ಎಲ್ಲ ಕಡೆ ನಡೆಯುತ್ತದೆ.

ಇಳಿಸಿದ ದೇಶಗಳು ಹೇಗೆ ಇಳಿಸಿದವು

ಅಮೆರಿಕದಲ್ಲಿ ಈ ರೋಗದ ವಿರುದ್ಧ ಕಾರ್ಯಕ್ರಮ 1934ರಲ್ಲಿ ಶುರುವಾಯಿತು. 1934-35ರಲ್ಲಿ ಪರೀಕ್ಷಿಸಿದ ಬೆಳೆದ ದನಗಳಲ್ಲಿ ಶೇ 11.5 ಪಾಸಿಟಿವ್ ಬಂದಿದ್ದವು. 1956ರಲ್ಲಿ ಪರೀಕ್ಷೆಯಿಂದ ಪತ್ತೆಯಾದ ರೋಗದ ಹಿಂಡುಗಳು 1,24,000. 1992ಕ್ಕೆ ಅದು 700ಕ್ಕೆ ಇಳಿಯಿತು. 2000ದ ಕೊನೆಗೆ ಗೊತ್ತಿದ್ದ ಹಿಂಡು ಬರೀ 6. ಗಮನಿಸಿ, ಮೊದಲನೆಯದು ಹಸುಗಳ ಶೇಕಡಾ, ಆಮೇಲಿನವು ಹಿಂಡುಗಳ ಎಣಿಕೆ. ಒಂದರ ಜೊತೆ ಇನ್ನೊಂದನ್ನು ನೇರವಾಗಿ ಹೋಲಿಸಲು ಆಗುವುದಿಲ್ಲ, ಆದರೂ ಇಳಿದ ದಾರಿ ಕಾಣುತ್ತದೆ. ಕ್ಯಾನಿನ ಹಾಲಿನಲ್ಲಿ ಉಂಗುರ ಪರೀಕ್ಷೆ, ಸುಳಿವು ಸಿಕ್ಕ ಹಿಂಡಿನಲ್ಲಿ ಪ್ರತಿ ಹಸುವಿನ ರಕ್ತ, ಪಾಸಿಟಿವ್ ಬಂದದ್ದನ್ನು ಹಿಂಡಿನಿಂದ ತೆಗೆಯುವುದು, ಕರುಗಳಿಗೆ ಲಸಿಕೆ, ಓಡಾಟಕ್ಕೆ ತಡೆ. ಹೊಸದೇನಿಲ್ಲ, ಇದನ್ನೇ ದಶಕಗಟ್ಟಲೆ ಬಿಡದೇ ಮಾಡಿದರು.

ಅಲ್ಲೂ ಪೂರ್ತಿ ಮುಗಿದಿಲ್ಲ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತಲಿನ ಬೈಸನ್ ಎಂಬ ಕಾಡೆಮ್ಮೆ ಮತ್ತು ಎಲ್ಕ್ ಜಿಂಕೆಗಳಲ್ಲಿ ಸೋಂಕು ಉಳಿದುಕೊಂಡಿದೆ, ಅಲ್ಲಿಂದ ಆಗಾಗ ದನಗಳಿಗೆ ಬರುತ್ತದೆ. ಮೊದಲು ಅವಕ್ಕೆ ದನಗಳಿಂದಲೇ ಹೋದ ರೋಗ ಅದು.

ಆಸ್ಟ್ರೇಲಿಯಾ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ 1989ರಲ್ಲಿ ರೋಗಮುಕ್ತ ಅಂತ ಘೋಷಿಸಿಕೊಂಡಿತು. ಉತ್ತರ ಐರ್ಲೆಂಡ್‌ಗೆ ಆ ಮಾನ್ಯತೆ ಸಿಕ್ಕಿದ್ದು 2015ರಲ್ಲಿ. ಪಾಸಿಟಿವ್ ಹಸುಗಳನ್ನು ಹಿಂಡಿನಿಂದ ತೆಗೆದುಬಿಡುವುದು ಕಾನೂನಿನಿಂದಲೋ, ಖರ್ಚಿನಿಂದಲೋ, ಜನರ ಭಾವನೆಯಿಂದಲೋ ಆಗದ ಕಡೆ ಮೊದಲ ಹೆಜ್ಜೆ ಲಸಿಕೆ. ಭಾರತದಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದನ್ನೂ ಸೇರಿಸಿದ್ದಾರೆ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಲಸಿಕೆ. ಲಸಿಕೆ ಕಂದು ಹಾಕುವುದನ್ನು ಚೆನ್ನಾಗಿ ತಡೆಯುತ್ತದೆ. ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಕಂದು ಬೀಳದಿದ್ದರೆ ನೆಲಕ್ಕೆ ಬೀಳುವ ಬ್ಯಾಕ್ಟೀರಿಯಾ ಕಮ್ಮಿ, ಹಾಗಾಗಿ ವರ್ಷ ಕಳೆದಂತೆ ಪ್ರಮಾಣ ಇಳಿಯುತ್ತದೆ. ಗಬ್ಬದ ಹಸುವಿಗೆ, ಗಂಡು ಕರುವಿಗೆ ಈ ಲಸಿಕೆ ಹಾಕಿಸಬಾರದು.

ಹಿಂಡಿನ ಲೆಕ್ಕ ಮನುಷ್ಯರಿಗೆ ಯಾಕೆ ಬೇಕು

ಈ ರೋಗ ದನದಿಂದ ಮನುಷ್ಯರಿಗೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹೋಗುವುದು ಬಹಳ ಅಪರೂಪ. ಅಂದರೆ ಮನುಷ್ಯರಲ್ಲಿ ಎಷ್ಟು ಅನ್ನುವುದನ್ನು ನಿರ್ಧರಿಸುವುದು ಹಿಂಡುಗಳಲ್ಲಿ ಎಷ್ಟು ಅನ್ನುವುದೇ. ಜಗತ್ತಿನಲ್ಲಿ ವರ್ಷಕ್ಕೆ 5 ಲಕ್ಷ ಜನರಿಗೆ ಬರುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. 2023ರಲ್ಲಿ ಪ್ರಕಟವಾದ ಒಂದು ಅಂದಾಜು ಅದನ್ನು 16 ರಿಂದ 21 ಲಕ್ಷ ಅಂತ ಹೇಳಿತು.

ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ನೋವು, ಸೊಂಟ ನೋವು, ಹಾಸಿಗೆ ಬಿಟ್ಟು ಏಳಲಾಗದಷ್ಟು ಸುಸ್ತು. ಬೇರೆ ಹತ್ತು ಜ್ವರಗಳ ಹಾಗೇ ಕಾಣುತ್ತದೆ. ನಾನು ಕಳಕಳಿಯಿಂದ ಕೇಳಿಕೊಳ್ಳುವುದು ಇಷ್ಟು: ದನ ಸಾಕುವವರು ಬಿಡದ ಜ್ವರಕ್ಕೆ ಡಾಕ್ಟರ ಹತ್ತಿರ ಹೋದಾಗ, ಮನೆಯಲ್ಲಿ ಹಸು ಕಂದು ಹಾಕಿದೆ ಅಂತ ಬಾಯಿಬಿಟ್ಟು ಹೇಳಿ. ಅವರು ಕೇಳದಿದ್ದರೂ ಹೇಳಿ. ಗೊತ್ತಾದರೆ ಔಷಧ ಇದೆ, ಸಾಮಾನ್ಯವಾಗಿ ಎರಡು ಆಂಟಿಬಯಾಟಿಕ್ ಸೇರಿಸಿ ಆರು ವಾರ ಅಥವಾ ಜಾಸ್ತಿ. ಮಧ್ಯ ಬಿಟ್ಟರೆ ಮರುಕಳಿಸುತ್ತದೆ.

ಹಾಲು ಚೆನ್ನಾಗಿ ಕುದಿಸಿದರೆ, ಪಾಶ್ಚರೀಕರಣ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಹಾಲು ಕುಡಿಯುವವರಿಗೆ ಅಷ್ಟು ಸಾಕು. ಹಸುವಿನ ಹತ್ತಿರ ಇರುವವರಿಗೆ ಸಾಕಾಗುವುದಿಲ್ಲ. ಸಿಕ್ಕಿಕೊಂಡ ಮಾಸನ್ನು ಬರಿಗೈಯಲ್ಲಿ ಎಳೆಯುವುದು, ಕಂದನ್ನು ಹಾಗೇ ಎತ್ತಿ ಹಾಕುವುದು, ಇದರಲ್ಲಿ ಅಪಾಯ ಜಾಸ್ತಿ. ಕೈಗವಸು ಹಾಕಿ, ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ, ನಾಯಿ ಕೆದಕದ ಹಾಗೆ ಮುಚ್ಚಬೇಕು. ಗರ್ಭಿಣಿಯರು ಈ ಕೆಲಸಕ್ಕೆ ಹೋಗಲೇಬಾರದು.

ನೆಗೆಟಿವ್ ಬಂದ ಕಡಸು

ಇನ್ನೊಂದು ವಿಷಯ ಉಳಿದಿದೆ, ಲೆಕ್ಕಕ್ಕೇ ಸಿಗದ ಹಸುಗಳದ್ದು. ಸೋಂಕಿನ ತಾಯಿಗೆ ಹುಟ್ಟಿದ ಹೆಣ್ಣು ಕರುಗಳಲ್ಲಿ ಕೆಲವು, ಬಹಳ ಅಲ್ಲ, ಸೋಂಕನ್ನು ಒಳಗೇ ಇಟ್ಟುಕೊಂಡು ಬೆಳೆಯುತ್ತವೆ. ರಕ್ತದಲ್ಲಿ ಪ್ರತಿಕಾಯವೇ ಇರುವುದಿಲ್ಲ. ಒಂದು ಸಲ ಅಲ್ಲ, ಎಷ್ಟು ಸಲ ನೋಡಿದರೂ ನೆಗೆಟಿವ್. ಕಡಸು ಗಬ್ಬವಾಗಿ, ದಿನ ತುಂಬುತ್ತಾ ಬಂದಾಗ, ಅಥವಾ ಕಂದು ಹಾಕಿದ ಮೇಲೆ, ಇಲ್ಲ ಮೊದಲ ಕರು ಹಾಕಿದ ಮೇಲೆ, ಆಗ ಪಾಸಿಟಿವ್ ಬರುತ್ತದೆ. ರೋಗ ಹೋಯಿತು ಅಂದುಕೊಂಡ ಹಿಂಡುಗಳಲ್ಲಿ ವರ್ಷಗಳ ನಂತರ ಅದು ಮತ್ತೆ ತಲೆ ಎತ್ತುವುದಕ್ಕೆ ಇಂಥ ಕಡಸುಗಳೂ ಕಾರಣ. ಹಾಗಾಗಿ ಹಿಂಡು ರೋಗಮುಕ್ತ ಅಂತ ಹೇಳಬೇಕಾದರೆ ಒಂದು ನೆಗೆಟಿವ್ ರಿಪೋರ್ಟ್ ಸಾಲದು, ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ನೋಡಬೇಕು.

ಕಡಸು ಕೊಳ್ಳುವಾಗ ಅದರ ಒಂದು ರಿಪೋರ್ಟ್ ಮಾತ್ರ ಕೇಳಬೇಡಿ. ತಾಯಿ ಯಾವುದು, ಅದು ಯಾವ ಹಿಂಡಿನದು, ಆ ಹಿಂಡಿನಲ್ಲಿ ಇತ್ತೀಚೆಗೆ ಯಾವುದಾದರೂ ಕಂದು ಹಾಕಿದೆಯಾ, ಕರುವಾಗಿದ್ದಾಗ ಲಸಿಕೆ ಹಾಕಿಸಿದ್ದಾರಾ ಅಂತ ಕೇಳಿ. ತಂದ ಮೇಲೆ ಒಂದು ತಿಂಗಳಾದರೂ ಬೇರೆ ಕಟ್ಟಿ, ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಈಯುವ ದಿನ ಹತ್ತಿರ ಬಂದಾಗ ಮತ್ತೆ ಬೇರೆ ಜಾಗಕ್ಕೆ ಕಟ್ಟಿ. ಕರು ಹಾಕಿ ಎರಡು ಮೂರು ವಾರ ಆದ ಮೇಲೆ ಮಾಡಿಸುವ ಪರೀಕ್ಷೆಯನ್ನು ಹೆಚ್ಚಿನವರು ಮಾಡಿಸುವುದಿಲ್ಲ, ಕರು ಚೆನ್ನಾಗಿದೆಯಲ್ಲ ಅಂತ ಬಿಟ್ಟುಬಿಡುತ್ತಾರೆ. ಆ ಕಡಸಿನ ಬಗ್ಗೆ ನಿಜ ಹೇಳುವ ಪರೀಕ್ಷೆ ಅದೇ.